ಪೌಲನನ್ನು ಯಾಕೋಬನು ಖಂಡಿಸುತ್ತಿದ್ದಾನೆಯೇ?

ರಕ್ಷಣೆ ಕೃಪೆಯಿಂದಲೇ ಆಗುವುದಾದರೆ ಸತ್ಕ್ರಿಯೆಗಳೇಕೆ, ‘ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದು’ ಎನ್ನುವ ಯಾಕೋಬನು ಪೌಲನಿಗೆ ವಿರುದ್ಧವಾಗಿ ಬರೆದನೇ ಎಂದು ಕೇಳಿದ್ದೀರಿ. ಇಬ್ಬರ ಪತ್ರಿಕೆಗಳೂ ಬೈಬಲಿನ ಹೊಸ ಒಡಂಬಡಿಕೆಯಲ್ಲಿವೆ. ಪೌಲನು ಎಫೆಸದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯದಲ್ಲಿ 9ನೇ ವಚನಕ್ಕೇ ನಿಲ್ಲದೆ 10ನೆಯದನ್ನೂ ಓದಿ: ರಕ್ಷಣೆ ದೇವರ ವರ, ಕ್ರಿಯೆಗಳಿಂದ ಬಂದದ್ದಲ್ಲ ಎಂದ ಮೇಲೆ, ನಾವು ಸತ್ಕ್ರಿಯೆಗಳಿಗಾಗಿಯೇ ಸೃಷ್ಟಿಸಲ್ಪಟ್ಟವರು ಎಂಬ ಮಾತು ಅಲ್ಲಿದೆ. ಪೌಲ, ಯಾಕೋಬ ಇಬ್ಬರೂ ಅಬ್ರಹಾಮನನ್ನೇ ಉದಾಹರಿಸುತ್ತಾರೆ. ಪೌಲನು ಆದಿಕಾಂಡ 15ರಲ್ಲಿ ಅವನು ನಂಬಿದ ಗಳಿಗೆಯನ್ನು ಹಿಡಿದರೆ, ಯಾಕೋಬನು ಅದೇ ವಚನವನ್ನು ಉಲ್ಲೇಖಿಸುತ್ತಲೇ 22ನೇ ಅಧ್ಯಾಯದಲ್ಲಿ ಮಗನನ್ನು ಯಜ್ಞವೇದಿಯ ಮೇಲಿಟ್ಟ ಸಂದರ್ಭಕ್ಕೆ ಒತ್ತು ಕೊಡುತ್ತಾನೆ; ಒಬ್ಬನದು ಬೇರಿನ ಮಾತು, ಇನ್ನೊಬ್ಬನದು ಫಲದ ಮಾತು ಎಂದು ನನಗೆ ತೋರುತ್ತದೆ.

ನಮ್ಮ ಸಿಂಧನೂರಿನ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ಯಾವ ರೈತನೂ ಸೃಷ್ಟಿಸಿದ್ದಲ್ಲ, ಆದರೆ ನೀರು ಗದ್ದೆಗೆ ಹರಿದು ವಾರಗಳಾದರೂ ಭತ್ತದ ನಾಟಿ ಕಾಣದಿದ್ದರೆ ನೀರು ನಿಜವಾಗಿ ಬಂದಿತೇ ಎಂದು ಜನ ಅನುಮಾನಿಸುತ್ತಾರೆ; ಕೃಪೆ ಆ ನೀರಿನಂತೆ, ಸತ್ಕ್ರಿಯೆ ಆ ನಾಟಿಯಂತೆ. (ಹೋಲಿಕೆಯನ್ನು ಇನ್ನೂ ಎಳೆದರೆ ಕಾಲುವೆಯ ಕೊನೆಭಾಗದ ರೈತರು ನನ್ನೊಡನೆ ಜಗಳಕ್ಕೆ ಬಂದಾರು.)

1999ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ ಲೂಥರನ್ನರೂ (ಮಾರ್ಟಿನ್ ಲೂಥರನ ಪರಂಪರೆಯ ಪ್ರೊಟೆಸ್ಟೆಂಟರು) ಸಹಿ ಹಾಕಿದ ಜಂಟಿ ಘೋಷಣೆ ಸತ್ಕ್ರಿಯೆಗಳನ್ನು ನೀತೀಕರಣದ, ಅಂದರೆ ದೇವರ ಮುಂದೆ ನೀತಿವಂತರಾಗುವುದರ, ಫಲವೆಂದೇ ಒಪ್ಪಿತು. ಆ ಫಲಕ್ಕೆ ‘ಪುಣ್ಯಾರ್ಹ’ (ದೇವರ ಪ್ರತಿಫಲಕ್ಕೆ ಅರ್ಹ) ಎಂಬ ಮಾತು ಸಲ್ಲುತ್ತದೆಯೇ ಎಂಬಲ್ಲಿ ಮಾತ್ರ ಇಬ್ಬರ ವಿವರಣೆಗಳು ಇಂದಿಗೂ ಬೇರೆಯಾಗಿವೆ.