ವಿವಾದದಲ್ಲೇ ಹುಟ್ಟಿದ ಹೊಸ ಸರ್ಕಾರದಿಂದ ಶಾಸಕರು ಉತ್ತರ ಪಡೆಯಬಲ್ಲರೇ?

ನೀವು ಕೇಳಿದ್ದು ಇದು: ಒಂದಷ್ಟು ಶಾಸಕರು ಪಕ್ಷ ಬಿಟ್ಟು, ಲೆಕ್ಕ ಬದಲಾಗಿ, ಹೊಸ ಸರ್ಕಾರ ಬಂದರೆ ಉಳಿದ ಶಾಸಕರು ಅದನ್ನು ಪ್ರಶ್ನಿಸಿ ಉತ್ತರ ಪಡೆಯಲು ಆಗುತ್ತದೆಯೇ? ಇಲ್ಲ, ಸದನದಲ್ಲಿ ಸುಮ್ನೆ ಕೂಗಾಡುವುದಷ್ಟೇ ಉಳಿಯುತ್ತದೆಯೇ?

ಆಗುತ್ತದೆ ಅಂತಲೇ ನನ್ನ ನಂಬಿಕೆ. ನಾನು ಗ್ರಾಮೀಣ ಕುಡಿಯುವ ನೀರಿಗೆ ಸಂಬಂಧಿಸಿದ ಒಂದು ಜಿಲ್ಲಾ ಕಚೇರಿಯಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ವಿಧಾನಸಭೆಯ ಪ್ರಶ್ನೆಗಳಿಗೆ ಉತ್ತರ ತಯಾರಿಸುವ ಫೈಲು ನನ್ನ ಟೇಬಲ್ಲಿಗೇ ಬರುತ್ತಿತ್ತು. ಹಾಗಾಗಿ ಈ ವಿಷಯವನ್ನು ನಾನು ನೋಡಿದ್ದು ಕೆಳಗಿನಿಂದ.

ಮೊದಲು 2019ನ್ನೇ ತೆಗೆದುಕೊಳ್ಳೋಣ, ನಿಮ್ಮ ಪ್ರಶ್ನೆಗೆ ಅದಕ್ಕಿಂತ ಹತ್ತಿರದ ಉದಾಹರಣೆ ನಮ್ಮಲ್ಲಿಲ್ಲ. ಜುಲೈ 23ರಂದು ಕುಮಾರಸ್ವಾಮಿ ಅವರ ವಿಶ್ವಾಸಮತ ಬಿತ್ತು. ಪರವಾಗಿ 99, ವಿರುದ್ಧ 105. ಜುಲೈ 26ಕ್ಕೆ ಯಡಿಯೂರಪ್ಪ ಪ್ರಮಾಣವಚನ ಸ್ವೀಕರಿಸಿದರು. ಆಗಿನ ಸಭಾಧ್ಯಕ್ಷ ರಮೇಶ್ ಕುಮಾರ್ ಕುಮಾರಸ್ವಾಮಿ ಸರ್ಕಾರದ ವಿರುದ್ಧ ತಿರುಗಿಬಿದ್ದ ಒಟ್ಟು 17 ಶಾಸಕರನ್ನು ಅನರ್ಹಗೊಳಿಸಿದ್ದರಿಂದ ಬಹುಮತಕ್ಕೆ 104 ಸಾಕಾಯಿತು. ಬಿಜೆಪಿ ಹತ್ತಿರ 105 ಇತ್ತು. ಜುಲೈ 29ರಂದು ಧ್ವನಿಮತದಲ್ಲೇ ವಿಶ್ವಾಸ ಗೆದ್ದರು. ಮತಕ್ಕೆ ಹಾಕಿ ಸೋಲಿಸುವ ದಾರಿ ಅಲ್ಲಿಗೆ ಮುಚ್ಚಿತು.

ಅದರ ಹಿಂದಿನ ವರ್ಷ ಇದೇ ದಾರಿ ಚೆನ್ನಾಗಿ ಕೆಲಸ ಮಾಡಿತ್ತು. 2018ರ ಮೇ 17ರಂದು 104 ಸ್ಥಾನಗಳ ಮೇಲೆ ಯಡಿಯೂರಪ್ಪ ಅವರ ಸರ್ಕಾರ ರಚನೆಯಾಯಿತು. ರಾಜ್ಯಪಾಲರು ಬಹುಮತ ಸಾಬೀತಿಗೆ 15 ದಿನ ಕೊಟ್ಟಿದ್ದರು. ಸುಪ್ರೀಂ ಕೋರ್ಟ್ ಅದನ್ನು ಮೇ 19ರ ಸಂಜೆ 4 ಗಂಟೆಗೆ ಇಳಿಸಿತು. ಮತಕ್ಕೆ ಮೊದಲೇ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಇದರ ಬೇರು ಹುಬ್ಬಳ್ಳಿಯ ಎಸ್.ಆರ್. ಬೊಮ್ಮಾಯಿ ಅವರ ಪ್ರಕರಣದಲ್ಲಿದೆ. 1989ರಲ್ಲಿ ಸದನದಲ್ಲಿ ಬಹುಮತ ತೋರಿಸುತ್ತೇನೆ ಅಂದರೂ ಅವಕಾಶ ಕೊಡದೆ ಅವರ ಸರ್ಕಾರವನ್ನು ವಜಾ ಮಾಡಿದರು. ಬಹುಮತ ಇದೆಯೋ ಇಲ್ಲವೋ ಅನ್ನುವುದು ತೀರ್ಮಾನ ಆಗಬೇಕಾದದ್ದು ಸದನದಲ್ಲೇ ಅಂತ 1994ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ದೇಶವೆಲ್ಲ ಇವತ್ತು ಆ ತೀರ್ಪನ್ನೇ ಹಿಡಿದು ನಡೆಯುತ್ತಿದೆ. ಅದು ನಮ್ಮ ರಾಜ್ಯದ ಒಬ್ಬ ಮುಖ್ಯಮಂತ್ರಿಯ ಹಟದಿಂದ ಬಂದದ್ದು ಅಂತ ನನಗೆ ಹೆಮ್ಮೆ.

ಆದರೆ ಸಂಖ್ಯೆ ಗಟ್ಟಿಯಾದ ಮೇಲೆ ಏನು? ಇಲ್ಲೇ ಜನ ಕೈಚೆಲ್ಲುತ್ತಾರೆ. ಪಕ್ಷ ವಿಪ್ ಕೊಡುತ್ತದೆ, ಅಂದರೆ ಹೀಗೇ ಮತ ಹಾಕಿ ಅಂತ ಆದೇಶ, ಮೀರಿದರೆ ಶಾಸಕ ಸ್ಥಾನ ಹೋಗುತ್ತದೆ, ಇನ್ನೇನು ಪ್ರಶ್ನಿಸುತ್ತಾರೆ ಅಂತ. 1985ರಲ್ಲಿ ಬಂದ ಪಕ್ಷಾಂತರ ನಿಷೇಧ ಕಾಯ್ದೆಯನ್ನು ಸರಿಯಾಗಿ ನೋಡಿ. ಅಲ್ಲಿ ವಿಪ್ ಕಟ್ಟಿಹಾಕುವುದು ಮತವನ್ನು. ಪ್ರಶ್ನೆ ಕೇಳುವುದಕ್ಕೆ ಅದರ ಕಾಟವಿಲ್ಲ. ಆಡಳಿತ ಪಕ್ಷದ ಶಾಸಕರೂ ತಮ್ಮದೇ ಮಂತ್ರಿಗೆ ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಸದನದಲ್ಲಿ ಬಾಯಿಮಾತಿನಲ್ಲೇ ಉತ್ತರಿಸಬೇಕಾದ ಪ್ರಶ್ನೆ, ಹಾಕಬಹುದು. ಹಾಕುತ್ತಾರೆ ಕೂಡ.

ನಮ್ಮ ಕಚೇರಿಯಲ್ಲಿ ನಡೆದ ಒಂದು ಸಂಗತಿ ಹೇಳುತ್ತೇನೆ. ಅಧಿವೇಶನ ಶುರುವಾಗುವ ಮೊದಲು ‘ಎಲ್‌ಎಕ್ಯೂ ಬಂದಿದೆ’ ಅಂದರೆ ಸಾಕು (ವಿಧಾನಸಭೆಯ ಪ್ರಶ್ನೆಗೆ ನಾವು ಕರೆಯುತ್ತಿದ್ದ ಹೆಸರು ಅದು), ಎಲ್ಲರ ರಜೆ ರದ್ದು. ಹೆಚ್ಚಿನ ಪ್ರಶ್ನೆಗಳಿಗೆ ನಾವು ಸಲೀಸಾಗಿ ಉತ್ತರ ಬರೆಯುತ್ತಿದ್ದೆವು. ‘ತಾಲ್ಲೂಕಿನಲ್ಲಿ ಕುಡಿಯುವ ನೀರಿನ ಸಮಸ್ಯೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಅಂತ ಕೇಳಿದರೆ ‘ಬಂದಿದೆ’. ‘ಕೈಗೊಂಡ ಕ್ರಮವೇನು?’ ಅಂದರೆ ‘ಅಗತ್ಯ ಕ್ರಮ ಕೈಗೊಳ್ಳಲಾಗುತ್ತಿದೆ’. ಮುಗಿಯಿತು. ಅದೂ ಆಗದಿದ್ದರೆ ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’.

ಒಂದು ಸಲ ಮಾತ್ರ ಬೇರೆ ಥರದ ಪ್ರಶ್ನೆ ಬಂತು. ಕೇಳಿದವರು ಮೊದಲ ಸಲ ಗೆದ್ದಿದ್ದ ಶಾಸಕರು, ಅದೂ ಆಡಳಿತ ಪಕ್ಷದವರೇ. ಶುದ್ಧ ಕುಡಿಯುವ ನೀರಿನ ಘಟಕಗಳು ಯಾವ ಯಾವ ಗ್ರಾಮದಲ್ಲಿವೆ, ಯಾವ ವರ್ಷ ಹಾಕಿದ್ದು, ಎಷ್ಟು ಖರ್ಚಾಯಿತು, ಇವತ್ತಿಗೆ ಯಾವುದು ನಡೆಯುತ್ತಿದೆ, ಕೆಟ್ಟಿದ್ದರೆ ಎಂದಿನಿಂದ? ಗ್ರಾಮವಾರು ಪಟ್ಟಿ ಕೊಡಿ ಅಂತ. ನಮ್ಮ ಕಡತದಲ್ಲಿ ಎಲ್ಲ ಘಟಕಗಳೂ ‘ಚಾಲ್ತಿಯಲ್ಲಿವೆ’. ಸದನದಲ್ಲಿ ಮಂತ್ರಿಯಿಂದ ಸುಳ್ಳು ಹೇಳಿಸಿದರೆ ಹಕ್ಕುಚ್ಯುತಿ, ಅಂದರೆ ಸದನದ ಹಕ್ಕಿಗೇ ಧಕ್ಕೆ ತಂದಂತೆ ಆಗುತ್ತದೆ, ಅದು ನಮ್ಮ ಕೊರಳಿಗೇ ಸುತ್ತಿಕೊಳ್ಳುತ್ತದೆ ಅಂತ ಸಾಹೇಬರಿಗೆ ಗೊತ್ತಿತ್ತು. ಜೆಇಗಳನ್ನು (ಕಿರಿಯ ಎಂಜಿನಿಯರ್‌ಗಳನ್ನು) ಊರೂರಿಗೆ ಓಡಿಸಿದರು. ಬೀಗ ಬಿದ್ದಿದ್ದ ಘಟಕಗಳು ಬೆಳಕಿಗೆ ಬಂದವು. ಒಂದರೊಳಗೆ ಯಾರೋ ಜೋಳದ ಚೀಲ ಇಟ್ಟಿದ್ದರು. ಉತ್ತರ ಬೆಂಗಳೂರಿಗೆ ಹೋಗುವಷ್ಟರಲ್ಲಿ ಎಷ್ಟೋ ಕಡೆ ಮೋಟಾರ್ ಬದಲಾಗಿ ನೀರು ಬರುತ್ತಿತ್ತು. ಆ ಪ್ರಶ್ನೆ ಸದನದಲ್ಲಿ ಚರ್ಚೆಗೇ ಬರಲಿಲ್ಲ. ಯಾವ ಟಿವಿಯಲ್ಲೂ ಕಾಣಲಿಲ್ಲ. ಆದರೂ ಆ ಊರುಗಳ ಜನ ನೀರು ಕುಡಿದರು. ಈ ಮಾತು ಬರೆಯುವಾಗ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ.

ಇದಕ್ಕೆಲ್ಲ ಸದನ ಕೂರಬೇಕು ಅಲ್ವಾ? 2019ರಲ್ಲಿ ನಿಜವಾಗಿ ಕೈಕೊಟ್ಟಿದ್ದು ಅದೇ. ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ಊರುಗಳು ಮುಳುಗಿದವು, ಕೊಡಗಿನಲ್ಲಿ ಗುಡ್ಡ ಕುಸಿಯಿತು. ಆಗಸ್ಟ್ 20ರವರೆಗೆ ಮುಖ್ಯಮಂತ್ರಿ ಬಿಟ್ಟರೆ ಬೇರೊಬ್ಬ ಮಂತ್ರಿಯೇ ಇರಲಿಲ್ಲ. ಸದನ ಸೇರಿದ್ದು ಅಕ್ಟೋಬರ್ 10ಕ್ಕೆ, ಅದೂ ಮೂರೇ ದಿನ. ಖಾಸಗಿ ಚಾನೆಲ್‌ಗಳ ಕ್ಯಾಮೆರಾಗಳಿಗೆ ಸದನದೊಳಗೆ ಪ್ರವೇಶ ಇರಲಿಲ್ಲ. ಮನೆ ಕಳೆದುಕೊಂಡವರ ಪರವಾಗಿ ಮೂರು ದಿನದಲ್ಲಿ ಯಾರು ಎಷ್ಟು ಕೇಳಲು ಸಾಧ್ಯ? ನನಗೆ ಸಂಕಟವಾಗಿದ್ದು ಸರ್ಕಾರ ಬದಲಾದದ್ದಕ್ಕಿಂತ ಜಾಸ್ತಿ ಇದಕ್ಕೆ. ಸಂವಿಧಾನದ ಪ್ರಕಾರ ಎರಡು ಅಧಿವೇಶನಗಳ ನಡುವೆ ಆರು ತಿಂಗಳು ಮೀರಬಾರದು, ಅಷ್ಟೇ. ಆದರೆ ನಮ್ಮ ರಾಜ್ಯವೇ 2005ರಲ್ಲಿ ಒಂದು ಕಾಯ್ದೆ ಮಾಡಿಕೊಂಡಿದೆ. ವರ್ಷಕ್ಕೆ ಕನಿಷ್ಠ 60 ದಿನ ಕಲಾಪ ನಡೆಯಬೇಕು ಅಂತ. ಯಾವ ಪಕ್ಷ ಬಂದರೂ ಹೆಚ್ಚಿನ ವರ್ಷ ಅದನ್ನು ಪಾಲಿಸುವುದಿಲ್ಲ.

ಇನ್ನೊಂದು ಅಡ್ಡಿ ಮಂತ್ರಿಗಿರಿ. ಅನರ್ಹರಾದವರು ಮತ್ತೆ ಸ್ಪರ್ಧಿಸಬಹುದು ಅಂತ 2019ರ ನವೆಂಬರ್‌ನಲ್ಲಿ ಕೋರ್ಟ್ ಹೇಳಿತು. ಡಿಸೆಂಬರ್‌ನಲ್ಲಿ 15 ಕಡೆ ಉಪಚುನಾವಣೆ ನಡೆದು ಬಿಜೆಪಿ 12 ಗೆದ್ದಿತು. 2020ರ ಫೆಬ್ರವರಿ 6ರಂದು ಹೀಗೆ ಗೆದ್ದು ಬಂದ ಹತ್ತು ಮಂದಿ ಮಂತ್ರಿಗಳಾದರು. ಮಂತ್ರಿಯಾದವರು ಪ್ರಶ್ನೆ ಕೇಳುವುದಿಲ್ಲ. ನಮ್ಮ 224ರ ಸದನದಲ್ಲಿ ಮುಖ್ಯಮಂತ್ರಿ ಸೇರಿ 34ಕ್ಕಿಂತ ಹೆಚ್ಚು ಮಂತ್ರಿಗಳು ಇರುವಂತಿಲ್ಲ ಅನ್ನುವ ಮಿತಿ ಇರುವುದು ದೊಡ್ಡ ಪುಣ್ಯ. ಅದಿಲ್ಲದಿದ್ದರೆ ಹಿಂದಿನ ಸಾಲಿನಲ್ಲಿ ಕೂತು ಕೇಳುವವರೇ ಉಳಿಯುತ್ತಿರಲಿಲ್ಲ.

ಸದನ ಸಮಿತಿಗಳು, ಅಂದರೆ ಶಾಸಕರೇ ಸೇರಿ ತನಿಖೆ ಮಾಡುವ ಸಮಿತಿಗಳ ಬಗ್ಗೆಯೂ ಒಂದು ಮಾತು. ಬೆಂಗಳೂರಿನ ಸರ್ಕಾರಿ ಜಮೀನು ಒತ್ತುವರಿ ಬಗ್ಗೆ ಎ.ಟಿ. ರಾಮಸ್ವಾಮಿ ಅಧ್ಯಕ್ಷತೆಯ ಸಮಿತಿ ಕೊಟ್ಟ ವರದಿಯನ್ನು ಜನ ಇಂದಿಗೂ ಹೆಸರು ಹಿಡಿದು ನೆನೆಯುತ್ತಾರೆ. ಅಧಿಕಾರಿಗಳನ್ನು ಕರೆಸಿ, ದಾಖಲೆ ತರಿಸಿ, ಪಕ್ಷಭೇದವಿಲ್ಲದೆ ಕೆಲಸ ಮಾಡುವ ಶಕ್ತಿ ಸಮಿತಿಗಿದೆ. ವರದಿ ಮೇಲೆ ಕ್ರಮ ಆಗಬೇಕಾದರೆ ಮಾತ್ರ ಮತ್ತೆ ಸರ್ಕಾರದ ಮನಸ್ಸೇ ಬೇಕು. ಅದು ಬೇಸರದ ಸಂಗತಿ.

ನೀವು ಏನಾದರೂ ಮಾಡಬೇಕು ಅಂದುಕೊಂಡಿದ್ದರೆ, ಅಧಿವೇಶನದ ದಿನಾಂಕ ಗೊತ್ತಾದ ಕೂಡಲೇ ನಿಮ್ಮ ಶಾಸಕರನ್ನು ಕಾಣಿ, ಯಾವ ಪಕ್ಷದವರಾದರೂ ಸರಿ. ಬಾಯಲ್ಲಿ ಹೇಳಬೇಡಿ, ಪ್ರಶ್ನೆಯನ್ನು ಬರೆದುಕೊಡಿ. ‘ಗಮನಕ್ಕೆ ಬಂದಿದೆಯೇ’ ಅಂತ ಬರೆಯಬೇಡಿ. ಊರಿನ ಹೆಸರು, ಕಾಮಗಾರಿ, ವರ್ಷ, ಬಿಡುಗಡೆಯಾದ ಹಣ, ಈಗಿನ ಸ್ಥಿತಿ ಇಷ್ಟೂ ಇರಲಿ. ಅಂಥ ಪ್ರಶ್ನೆಗೆ ‘ಅಗತ್ಯ ಕ್ರಮ ಕೈಗೊಳ್ಳಲಾಗುತ್ತಿದೆ’ ಅಂತ ಬರೆದು ಫೈಲು ಮುಚ್ಚಲು ನಮಗೆ ಆಗುತ್ತಿರಲಿಲ್ಲ.