ಸುಂಕದ ದುಡ್ಡು ಯಾರ ಜೇಬಿನಿಂದ?

ಟ್ರಂಪ್ ಹಾಕುವ ಸುಂಕವನ್ನು ಹೊರದೇಶದವರೇ ಕಟ್ಟುತ್ತಾರಾ ಅಂತ ಕೇಳಿದ್ದೀರಿ. ಇಲ್ಲ. ಕಸ್ಟಮ್ಸ್‌ಗೆ ದುಡ್ಡು ಕಟ್ಟುವುದು ಸರಕು ತರಿಸಿಕೊಂಡ ಅಮೆರಿಕದ ಆಮದುದಾರರು. ಹೊರದೇಶದ ಮಾರಾಟಗಾರರು ಬೆಲೆ ಇಳಿಸಿದರೆ ಹೊರೆ ಒಂದಿಷ್ಟು ಅವರ ಮೇಲೂ ಬೀಳುತ್ತದೆ, ಅದು ನಿಜ.

ಆದರೆ ಆಮದು ವಾಷಿಂಗ್ ಮೆಷಿನ್‌ಗಳ ಮೇಲೆ ಟ್ರಂಪ್ 2018ರಲ್ಲಿ ಹಾಕಿದ ಸುಂಕವನ್ನೇ ನೋಡಿ. ಶುರುವಿನಲ್ಲಿ ಶೇ. 20, ವರ್ಷದ ಆಮದು ನಿಗದಿತ ಸಂಖ್ಯೆ ದಾಟಿದರೆ ಶೇ. 50. ಅಂಗಡಿಯಲ್ಲಿ ಬೆಲೆ ಸುಮಾರು ಶೇ. 12 ಏರಿತು. ಸುಂಕವೇ ಇಲ್ಲದ, ಬಟ್ಟೆ ಒಣಗಿಸುವ ಡ್ರೈಯರ್ ಕೂಡ ಹೆಚ್ಚುಕಡಿಮೆ ಅಷ್ಟೇ ದುಬಾರಿಯಾಯಿತು, ಯಾಕೆಂದರೆ ಅಲ್ಲಿ ಎರಡನ್ನೂ ಸಾಮಾನ್ಯವಾಗಿ ಜೋಡಿಯಾಗಿ ಕೊಳ್ಳುತ್ತಾರೆ! ಈ ಸುಂಕದಿಂದ ಅಮೆರಿಕದಲ್ಲಿ ಸುಮಾರು 1,800 ಉದ್ಯೋಗ ಹುಟ್ಟಿದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅರ್ಥಶಾಸ್ತ್ರಜ್ಞರ ಲೆಕ್ಕದಲ್ಲಿ ಅಂಥ ಒಂದೊಂದು ಉದ್ಯೋಗಕ್ಕೂ ಗ್ರಾಹಕರು ವರ್ಷಕ್ಕೆ ತೆತ್ತದ್ದು 8 ಲಕ್ಷ ಡಾಲರ್‌ಗೂ ಹೆಚ್ಚು. ಸಂಬಳ ನೆಚ್ಚಿಕೊಂಡ ಮನೆಗಳಿಗೆ ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.