ನೋರ್ಡ್ಲಿಂಗನ್: ಉಲ್ಕೆ ಬಿದ್ದ ಬಯಲು, ತನ್ನನ್ನು ತಾನೇ ಆಳಿಕೊಂಡಿದ್ದ ಊರು

ಪ್ರಶ್ನೆ: ನನ್ನ ತಮ್ಮನಿಗೆ ಬವೇರಿಯಾದ ನೋರ್ಡ್ಲಿಂಗನ್ ಎಂಬ ಊರಿನಲ್ಲಿ ಕೆಲಸ ಸಿಕ್ಕಿದೆ. ಊರು ಉಲ್ಕೆ ಬಿದ್ದ ಕುಳಿಯೊಳಗಿದೆಯಂತೆ, ಅದರ ದುಂಡನೆಯ ಕೋಟೆಗೋಡೆಯೇ ಆ ಕುಳಿಯ ಅಂಚಂತೆ. ನಿಜವೇ? ಇಷ್ಟು ಚಿಕ್ಕ ಊರಿನ ಆಡಳಿತ ಯಾರ ಕೈಯಲ್ಲಿರುತ್ತದೆ?

ಊರು ಉಲ್ಕಾಕುಳಿಯೊಳಗೆ ಇರುವುದು ನಿಜ. ಗೋಡೆಯೇ ಕುಳಿಯ ಅಂಚು ಅನ್ನುವುದು ಶುದ್ಧ ಸುಳ್ಳು. ಮೇಲಿನಿಂದ ತೆಗೆದ ಫೋಟೋದಲ್ಲಿ ಕೆಂಪು ಹೆಂಚಿನ ಊರು ಎಷ್ಟು ದುಂಡಗೆ ಕಾಣುತ್ತದೆಂದರೆ, ನೋಡಿದವರೆಲ್ಲ ಹಾಗೇ ನಂಬಿ ಮುಂದಕ್ಕೆ ಕಳಿಸುತ್ತಾರೆ. ಕೋಟೆಯೊಳಗಿನ ಹಳೇ ಊರು ಆ ತುದಿಯಿಂದ ಈ ತುದಿಗೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್. ಉಲ್ಕೆಯ ಕುಳಿ ಸುಮಾರು 25 ಕಿಲೋಮೀಟರ್ ಅಗಲ. ಅದರಲ್ಲಿ ಈ ಊರು ನಟ್ಟನಡುವೆಯೂ ಇಲ್ಲ, ನೈಋತ್ಯದ ಕಡೆಗೆ ಸರಿದುಕೊಂಡಿದೆ. ನಾನಿರುವುದು ಇದೇ ಬವೇರಿಯಾದ ಔಗ್ಸ್‌ಬುರ್ಗ್‌ನಲ್ಲಿ. ನಮ್ಮೂರಿನಿಂದ ಯಾರಾದರೂ ಬಂದರೆ ಅವರನ್ನು ಕರೆದುಕೊಂಡು ಹೋಗುವುದು ಕೋಟೆ, ಅರಮನೆಗಳಿಗಿಂತ ಹೆಚ್ಚಾಗಿ ನೋರ್ಡ್ಲಿಂಗನ್‌ಗೆ. ಹಾಗಾಗಿ ಈ ದುಂಡಗಿನ ಗೋಡೆಯ ಕಥೆಯನ್ನು ತಿದ್ದುವುದು ನನಗೆ ರೂಢಿಯಾಗಿಬಿಟ್ಟಿದೆ.

ನಿಜವಾದ ಅಂಚನ್ನು ನೋಡಬೇಕಾದರೆ ಊರ ನಡುವಿನ ಸಂತ ಜಾರ್ಜ್ ಚರ್ಚಿನ ಗೋಪುರ ಹತ್ತಬೇಕು. ‘ಡೇನಿಯಲ್’ ಅಂತ ಅದರ ಹೆಸರು, ಎತ್ತರ 90 ಮೀಟರ್, ಸುಮಾರು 350 ಮೆಟ್ಟಿಲು, ಲಿಫ್ಟ್ ಇಲ್ಲ. ಮೇಲೆ ನಿಂತರೆ ಕಾಲಬುಡದಲ್ಲಿ ಹೆಂಚಿನ ಮನೆಗಳು, ಅದರಾಚೆ ಮರವಿಲ್ಲದ ಹೊಲಗಳ ಬಯಲು, ಆ ಬಯಲು ಮುಗಿಯುವಲ್ಲಿ ಸುತ್ತಲೂ ಕಾಡು ಮುಚ್ಚಿದ ತಗ್ಗು ಗುಡ್ಡಗಳ ಸಾಲು. ಆ ಗುಡ್ಡದ ಸಾಲೇ ಕುಳಿಯ ಅಂಚು. ಅಂಚು ಎತ್ತಿದ ಊಟದ ತಟ್ಟೆಯೊಳಗೆ ಕೂತ ಹಾಗಿದೆ ಈ ಸೀಮೆ. ಇದಕ್ಕೆ ರೀಸ್ ಅಂತ ಹೆಸರು.

ಸುಮಾರು 1.5 ಕೋಟಿ ವರ್ಷದ ಹಿಂದೆ ಒಂದು ಕಿಲೋಮೀಟರಿಗೂ ಮಿಕ್ಕಿದ ಬಂಡೆ ಆಕಾಶದಿಂದ ಇಲ್ಲಿ ಬಡಿಯಿತು. ಆ ಹೊಡೆತಕ್ಕೆ ಕರಗಿ ಚಿಮ್ಮಿದ ಗಾಜಿನ ಹನಿಗಳು ಇಂದಿನ ಜೆಕ್ ದೇಶದವರೆಗೂ ಹೋಗಿ ಬಿದ್ದಿವೆ. ಹಸಿರು ಬಣ್ಣದ ಆ ಗಾಜನ್ನು ಈಗ ಒಡವೆ ಅಂಗಡಿಗಳಲ್ಲಿ ಮೋಲ್ಡವೈಟ್ ಅಂತ ಮಾರುತ್ತಾರೆ. ಆಮೇಲೆ ಕುಳಿಯಲ್ಲಿ ನೀರು ನಿಂತು ಕೆರೆಯಾಯಿತು. ಲಕ್ಷಾಂತರ ವರ್ಷ ಅದರ ತಳದಲ್ಲಿ ಹೂಳು ಕೂತು ತುಂಬಿಕೊಂಡಿತು. ಇವತ್ತಿನ ಹೊಲಗಳು ನಿಂತಿರುವುದು ಆ ಹೂಳಿನ ಮೇಲೆ. ಒಳ್ಳೆಯ ಮಣ್ಣು, ಗೋಧಿ, ಬಾರ್ಲಿ ಚೆನ್ನಾಗಿ ಬರುತ್ತದೆ. ಊರನ್ನು ಹಾದು ಹರಿಯುವ ಎಗರ್ ಎಂಬ ಸಣ್ಣ ಹೊಳೆ ಮುಂದೆ ವೆರ್ನಿಟ್ಸ್ ನದಿಗೆ ಸೇರುತ್ತದೆ, ಅದು ಡ್ಯಾನ್ಯೂಬ್‌ಗೆ. ಆ ಹೊಳೆಯ ದಡದಲ್ಲೇ ಚರ್ಮ ಹದ ಮಾಡುವವರ ಕೇರಿ ಇತ್ತು. ಚರ್ಮ ಒಣಹಾಕಲು ಕಟ್ಟಿದ ತೆರೆದ ಅಟ್ಟಗಳ ಮನೆಗಳು ಇನ್ನೂ ನಿಂತಿವೆ.

ತಮಾಷೆಯೆಂದರೆ, 1960ರವರೆಗೂ ಬಹುತೇಕ ಭೂವಿಜ್ಞಾನಿಗಳು ಇದನ್ನು ಜ್ವಾಲಾಮುಖಿಯ ಬಾಯಿ ಅಂತಲೇ ತಿಳಿದಿದ್ದರು. ಅಮೆರಿಕದ ಭೂವಿಜ್ಞಾನಿ ಯೂಜೀನ್ ಶೂಮೇಕರ್ ಹತ್ತಿರದ ಓಟಿಂಗ್ ಕಲ್ಲುಕ್ವಾರಿಯಿಂದ ಕಲ್ಲು ಆಯ್ದುಕೊಂಡರು. ಅವರ ಸಹೋದ್ಯೋಗಿ ಎಡ್ವರ್ಡ್ ಚಾವ್ ಅದರಲ್ಲಿ ಕೋಯಸೈಟ್ ಎಂಬ ಖನಿಜವನ್ನು ಗುರುತಿಸಿದರು. ಅದು ಭಯಂಕರ ಒತ್ತಡದಲ್ಲಿ ಮಾತ್ರ ಹುಟ್ಟುವ ಖನಿಜ, ಜ್ವಾಲಾಮುಖಿಯ ಬಾಯಲ್ಲಿ ಅಷ್ಟು ಒತ್ತಡ ಇರುವುದಿಲ್ಲ. ಅಲ್ಲಿಗೆ ವಾದ ಮುಗಿಯಿತು. ಹತ್ತು ವರ್ಷದಲ್ಲಿ, 1970ರ ಆಗಸ್ಟ್‌ನಲ್ಲಿ, ಚಂದ್ರನಿಗೆ ಹೊರಟಿದ್ದ ಅಪೊಲೊ 14ರ ಗಗನಯಾತ್ರಿಗಳಾದ ಅಲನ್ ಶೆಪರ್ಡ್ ಮತ್ತು ಎಡ್ಗರ್ ಮಿಚೆಲ್ ಇಲ್ಲಿಗೆ ಬಂದು ಕಲ್ಲು ಗುರುತಿಸುವ ತರಬೇತಿ ಪಡೆದರು. ಈಗ ಹಳೆಯ ಕಣಜವೊಂದರಲ್ಲಿ ಉಲ್ಕಾಕುಳಿ ಮ್ಯೂಸಿಯಂ ಇದೆ, ಒಳಗೆ ನಾಸಾ ಕೊಟ್ಟ ಚಂದ್ರನ ಕಲ್ಲೂ ಇದೆ. ರೀಸ್ ಸೀಮೆಗೆ 2022ರಲ್ಲಿ ಯುನೆಸ್ಕೋ ಜಾಗತಿಕ ಜಿಯೋಪಾರ್ಕ್ ಎಂಬ ಮಾನ್ಯತೆ ಸಿಕ್ಕಿತು.

ಚರ್ಚು ಕಟ್ಟಿರುವುದು ಇದೇ ಉಲ್ಕೆಯ ಹೊಡೆತಕ್ಕೆ ಕಲಸಿಹೋದ ಕಲ್ಲಿನಿಂದ, ಸ್ಯೂವೈಟ್ ಅಂತ ಅದರ ಹೆಸರು. ಬೂದು ಬಣ್ಣ, ನಡುನಡುವೆ ಕಪ್ಪು ಗಾಜಿನ ಚೂರುಗಳು. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ವಜ್ರದ ಕಣಗಳಿವೆ. ಕಲ್ಲಿನಲ್ಲಿದ್ದ ಗ್ರಾಫೈಟ್ ಹೊಡೆತದ ಒತ್ತಡಕ್ಕೆ ವಜ್ರವಾಗಿದ್ದು. “ವಜ್ರದ ಊರು” ಅಂತ ಪ್ರವಾಸಿ ಲೇಖನಗಳಲ್ಲಿ ಓದಿ ಯಾರೂ ಉಗುರು ಹಾಕಿ ಕೆರೆಯಬೇಡಿ, ಸೂಕ್ಷ್ಮದರ್ಶಕ ಬೇಕು. ಕಲ್ಲೂ ಅಷ್ಟೇನೂ ಗಟ್ಟಿಯಲ್ಲ, ಮಳೆ ಚಳಿಗೆ ಉದುರುವುದರಿಂದ ದುರಸ್ತಿ ಮುಗಿಯುವುದೇ ಇಲ್ಲ.

ಇನ್ನು ಇತಿಹಾಸ. ನೀವು ಆಡಳಿತದ ಬಗ್ಗೆ ಕೇಳಿದ್ದಕ್ಕೆ ಉತ್ತರ ಇರುವುದೂ ಅಲ್ಲೇ. 898ರಲ್ಲಿ ಈ ಊರಿನ ಹೆಸರು ಮೊದಲ ಸಲ ದಾಖಲೆಗೆ ಬಂತು. ಆಗ ರೆಗೆನ್ಸ್‌ಬುರ್ಗ್ ಬಿಷಪ್ಪರ ಪಾಲಾಗಿದ್ದ ಊರನ್ನು 1215ರಲ್ಲಿ ಜರ್ಮನಿಯ ರಾಜ ಎರಡನೇ ಫ್ರೆಡರಿಕ್ ವಾಪಸ್ ತನ್ನ ಕೈಗೆ ಪಡೆದ. ಅಂದಿನಿಂದ 1802-03ರವರೆಗೆ ನೋರ್ಡ್ಲಿಂಗನ್ ಪವಿತ್ರ ರೋಮನ್ ಸಾಮ್ರಾಜ್ಯದ (ಅಂದಿನ ಜರ್ಮನ್ ಸೀಮೆಗಳ ಒಕ್ಕೂಟದ) ಸ್ವತಂತ್ರ ನಗರ. ಅಂದರೆ ಸುತ್ತಲಿನ ಯಾವ ದೊರೆಗೂ ಇದು ಕಪ್ಪ ಕೊಡಬೇಕಿರಲಿಲ್ಲ, ಮೇಲೆ ಚಕ್ರವರ್ತಿ ಒಬ್ಬನೇ. ತೆರಿಗೆ, ಕಾವಲು, ನ್ಯಾಯ ತೀರ್ಮಾನ, ಮರಣದಂಡನೆ ಕೂಡ ಊರಿನ ಪರಿಷತ್ತಿನ ಕೈಯಲ್ಲಿ. ಬವೇರಿಯಾ ಇವರಿಗೆ ಹೊರಗಿನವರ ರಾಜ್ಯವಾಗಿತ್ತು. ಇವತ್ತಿಗೂ ಇಲ್ಲಿನವರು ತಮ್ಮನ್ನು ಶ್ವಾಬಿಯನ್ನರು, ಅಂದರೆ ಶ್ವಾಬಿಯಾ ಸೀಮೆಯವರು ಅಂತಲೇ ಹೇಳಿಕೊಳ್ಳುತ್ತಾರೆ. ನಿಮ್ಮ ತಮ್ಮ ಚರ್ಮದ ಚಡ್ಡಿ, ಮ್ಯೂನಿಕ್ ಶೈಲಿಯ ಬವೇರಿಯಾ ನಿರೀಕ್ಷಿಸಿ ಬರುವುದು ಬೇಡ.

ಹಣ ಬಂದಿದ್ದು ಜಾತ್ರೆಯಿಂದ. ಈಸ್ಟರ್ ಆಗಿ ಏಳು ವಾರಕ್ಕೆ ಬರುವ ಕ್ರೈಸ್ತರ ಪೆಂಟಕೋಸ್ಟ್ ಹಬ್ಬದ ವೇಳೆಗೆ ನಡೆಯುತ್ತಿದ್ದ ವ್ಯಾಪಾರದ ಜಾತ್ರೆಯ ಉಲ್ಲೇಖ 1219ರಲ್ಲೇ ಸಿಗುತ್ತದೆ. ದೂರದ ವರ್ತಕರು ಬಟ್ಟೆ, ಉಣ್ಣೆ, ಚರ್ಮ ಕೊಳ್ಳಲು ಬರುತ್ತಿದ್ದರು. ಅದೇ ಜಾತ್ರೆ ಈಗಲೂ ನಡೆಯುತ್ತದೆ, ಈಗ ಹೆಚ್ಚಾಗಿ ರಾಟೆ ತೊಟ್ಟಿಲು ಮತ್ತು ಬೀರಿನ ಡೇರೆ. ಊರು ಬೆಳೆದು ಹಳೆಯ ಗೋಡೆ ಸಾಲದಾದಾಗ, 1327ರಲ್ಲಿ ಹೊರಗಿನ ಕೇರಿಗಳನ್ನೂ ಸೇರಿಸಿ ಈಗಿರುವ ದೊಡ್ಡ ಗೋಡೆ ಕಟ್ಟಲು ಶುರುಮಾಡಿದರು. ಹಳೆಯ ಗೋಡೆಯ ಜಾಡು ಒಳಗಿನ ಬೀದಿಗಳ ದುಂಡನೆಯ ತಿರುವಿನಲ್ಲಿ ಉಳಿದಿದೆ, ನಕ್ಷೆ ಬಿಡಿಸಿ ನೋಡಿದರೆ ಒಂದರೊಳಗೊಂದು ಎರಡು ವರ್ತುಲ. ಹೊರಗೋಡೆಯ ಸುತ್ತಳತೆ ಸುಮಾರು 2.7 ಕಿಲೋಮೀಟರ್, ಐದು ಅಗಸೆಬಾಗಿಲು. ಗೋಡೆಯ ಮೇಲೆ ಮಾಡು ಹೊದಿಸಿದ ಮರದ ದಾರಿಯಲ್ಲಿ ಎಲ್ಲೂ ಇಳಿಯದೆ ಇಡೀ ಊರನ್ನು ಪ್ರದಕ್ಷಿಣೆ ಹಾಕಬಹುದು. ಟಿಕೆಟ್ಟಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕಟ್ಟಿದ ಪುಟ್ಟ ಪುಟ್ಟ ಮನೆಗಳಲ್ಲಿ ಜನ ಸಂಸಾರ ಮಾಡಿಕೊಂಡಿದ್ದಾರೆ. ನಡೆಯುತ್ತಾ ಹೋದರೆ ಅವರ ಹಿತ್ತಿಲು, ಒಣಹಾಕಿದ ಬಟ್ಟೆ, ಸೈಕಲ್ಲು ಎಲ್ಲ ಕೆಳಗೆ ಕಾಣುತ್ತದೆ.

ಈ ಅಗಸೆಬಾಗಿಲಿನದೇ ಒಂದು ಕಥೆಯಿದೆ. 1440ರಲ್ಲಿ ನೆರೆಯ ಓಟಿಂಗನ್ ಮನೆತನದ ದೊರೆ ಬಾಗಿಲು ಕಾಯುವವರಿಗೆ ಲಂಚ ಕೊಟ್ಟು, ರಾತ್ರಿ ಅಗುಳಿ ಹಾಕದಂತೆ ಮಾಡಿದನಂತೆ. ಗಂಡನಿಗೆ ಬೀರು ತರಲು ಹೊರಟಿದ್ದ ನೇಕಾರನ ಹೆಂಡತಿಯೊಬ್ಬಳು, ಹಂದಿಯೊಂದು ಬಾಗಿಲಿಗೆ ಮೈ ಉಜ್ಜಿದಾಗ ಅದು ತೆರೆದುಕೊಂಡಿದ್ದನ್ನು ಕಂಡು ಕೂಗಿಕೊಂಡಳು, ಊರು ಉಳಿಯಿತು ಅನ್ನುತ್ತಾರೆ. ಹಂದಿಯ ಪಾತ್ರ ಎಷ್ಟು ನಿಜವೋ, ಡೇನಿಯಲ್ ಗೋಪುರದ ಕಾವಲುಗಾರ ಮಾತ್ರ ಈಗಲೂ ರಾತ್ರಿ ಹತ್ತರಿಂದ ಹನ್ನೆರಡರವರೆಗೆ ಅರ್ಧ ಗಂಟೆಗೊಮ್ಮೆ ಮೇಲಿನಿಂದ, ಅವಳು ಅಂದು ಕೂಗಿದ್ದೆನ್ನುವ “ಸೋ, ಗ್ಸೆಲ್, ಸೋ!” (ಹೀಗೋ ಗೆಳೆಯಾ, ಹೀಗೋ!) ಎಂಬ ಮಾತನ್ನೇ ರಾಗವಾಗಿ ಕೂಗುತ್ತಾನೆ. ಅದೊಂದು ಹುದ್ದೆ.

ಸ್ವಂತ ಆಡಳಿತ ಅಂದರೆ ಎಲ್ಲವೂ ಒಳ್ಳೆಯದೇ ಆಗಿರಲಿಲ್ಲ. 1589ರಿಂದ 1598ರ ನಡುವೆ ಇದೇ ಪರಿಷತ್ತು ಮಾಟಗಾತಿಯರೆಂದು ಮೂವತ್ತಕ್ಕೂ ಹೆಚ್ಚು ಜನರನ್ನು ಸುಡಿಸಿತು. ಮರಿಯಾ ಹೊಲ್ ಎಂಬ ಹೋಟೆಲಿನ ಒಡತಿಯನ್ನು 1593ರಲ್ಲಿ ಹಿಡಿದು 62 ಸಲ ಚಿತ್ರಹಿಂಸೆಗೆ ಗುರಿಮಾಡಿದರು. ಆಕೆ ತಪ್ಪೊಪ್ಪಿಕೊಳ್ಳಲಿಲ್ಲ. ತವರಿನ ಕಡೆಯ ಉಲ್ಮ್ ನಗರ ಮಧ್ಯೆ ಬಂದ ಮೇಲೆ 1594ರಲ್ಲಿ ಬಿಟ್ಟರು. ಈಗ ಊರಿನಲ್ಲಿ ಆಕೆಯ ಹೆಸರಿನ ಕಾರಂಜಿ ಇದೆ. ಹೊರಗಿನ ಇನ್ನೊಂದು ನಗರ ಕೇಳುವವರೆಗೆ ಕೇಳುವವರೇ ಇರಲಿಲ್ಲ ಎನ್ನುವುದು ನನಗೆ ಗೋಡೆಗಿಂತ ಹೆಚ್ಚು ನೆನಪಿರುವ ಸಂಗತಿ.

1634ರ ಸೆಪ್ಟೆಂಬರ್‌ನಲ್ಲಿ, ಯುರೋಪಿನ ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟಂಟ್ ಬಣಗಳ ಮೂವತ್ತು ವರ್ಷಗಳ ಯುದ್ಧದ ಕಾಲದಲ್ಲಿ, ಊರಿನ ಪಕ್ಕದ ಗುಡ್ಡಗಳಲ್ಲಿ ಸ್ವೀಡನ್ನರು ಮತ್ತು ಅವರ ಪ್ರೊಟೆಸ್ಟಂಟ್ ಮಿತ್ರರು ಚಕ್ರವರ್ತಿಯ ಹಾಗೂ ಸ್ಪೇನಿನ ಸೇನೆಗಳ ಎದುರು ನುಚ್ಚುನೂರಾದರು. ಪ್ರೊಟೆಸ್ಟಂಟ್ ಊರಾದ ನೋರ್ಡ್ಲಿಂಗನ್ ಶರಣಾಯಿತು. ಮುತ್ತಿಗೆ, ಪ್ಲೇಗು, ದಂಡ ಎಲ್ಲ ಸೇರಿ ಊರು ಮತ್ತೆ ಆ ಮೊದಲಿನ ಸಿರಿಗೆ ಏರಲೇ ಇಲ್ಲ. ಹಳೆಯದನ್ನು ಕೆಡವಿ ಹೊಸದು ಕಟ್ಟಲು ಕೈಯಲ್ಲಿ ಕಾಸಿರಲಿಲ್ಲ. ಪ್ರವಾಸಿಗರು ಇವತ್ತು ಕ್ಯಾಮೆರಾ ಹಿಡಿದು ನೋಡುತ್ತಿರುವುದರಲ್ಲಿ ಅರ್ಧ ಆ ಬಡತನದ ಫಲ.

1803ರಲ್ಲಿ ಬವೇರಿಯಾ ನುಂಗಿತು. 1849ರಲ್ಲಿ ರೈಲು ಬಂತು. ಇಷ್ಟಾದರೂ ಜಿಲ್ಲೆಗೆ ಸೇರದ, ತಾನೇ ಜಿಲ್ಲೆಗೆ ಸಮನಾದ ನಗರ ಎಂಬ ಸ್ಥಾನ ಉಳಿದಿತ್ತು. ಅದೂ ಹೋಗಿದ್ದು 1972ರ ಜುಲೈ 1ರಂದು. ರಾಜ್ಯ ಸರ್ಕಾರ ಜಿಲ್ಲೆಗಳನ್ನು ಕೂಡಿಸಿ ಕಡಿಮೆ ಮಾಡಿದಾಗ ನೋರ್ಡ್ಲಿಂಗನ್ ಮತ್ತು ಡೊನಾವೆರ್ತ್ ಒಂದಾದವು. ಈಗಿನ ಹೆಸರು ಡೊನಾವ್-ರೀಸ್ ಜಿಲ್ಲೆ, ಕೇಂದ್ರ ಡೊನಾವೆರ್ತ್. ಕಾರುಗಳ ನಂಬರ್ ಪ್ಲೇಟಿನ ಮೇಲೆ ಊರಿನ ಅಕ್ಷರ ಹೋಗಿ ಡೊನಾವೆರ್ತ್‌ನ ‘ಡೋನ್’ ಬಂತು. 2013ರಲ್ಲಿ ಹಳೆಯ ‘ನೋ’ ಅಕ್ಷರವನ್ನು ಮತ್ತೆ ಹಾಕಿಸಿಕೊಳ್ಳಲು ಅವಕಾಶವಾಯಿತು. ಈಗ ಬೀದಿಯಲ್ಲಿ ನಿಂತ ಕಾರುಗಳನ್ನು ನೋಡಿ, ಯಾರು ಹಾಕಿಸಿಕೊಂಡಿದ್ದಾರೆ ಅನ್ನುವುದು ಗೊತ್ತಾಗುತ್ತದೆ. ಉಲ್ಕೆಯ ಬಗ್ಗೆ ಮಾತು ತೆಗೆದರೆ ಸುಮ್ಮನೆ ತಲೆಯಾಡಿಸುವ ಇಲ್ಲಿನ ಹಿರಿಯರು, 1972ರ ಬಗ್ಗೆ ತೆಗೆದರೆ ಕುರ್ಚಿ ಎಳೆದು ಕೂರುತ್ತಾರೆ.

ಅದೇ ಸುಧಾರಣೆಯಲ್ಲಿ ಸುತ್ತಲಿನ ಬಾಲ್ಡಿಂಗನ್, ಲೆಪ್ಸಿಂಗನ್, ಹೋಲ್‌ಹೈಮ್ ಮುಂತಾದ ಹತ್ತು ಹಳ್ಳಿಗಳು ಊರಿಗೆ ಸೇರಿದವು. ಹಾಗೆ ಸೇರಿಯೂ ಜನಸಂಖ್ಯೆ ಇಪ್ಪತ್ತು ಸಾವಿರದ ಆಸುಪಾಸು.

ಈಗಿನ ಆಡಳಿತ ಹೀಗಿದೆ. ನಮ್ಮ ನಗರಸಭೆಯ ಹಾಗೆ ಸದಸ್ಯರು ಆರಿಸುವ ಅಧ್ಯಕ್ಷ ಒಬ್ಬ, ಸರ್ಕಾರ ಕಳಿಸುವ ಪೌರಾಯುಕ್ತ ಇನ್ನೊಬ್ಬ ಎಂಬ ವ್ಯವಸ್ಥೆ ಇಲ್ಲಿಲ್ಲ. ಮೇಯರನ್ನು ಜನರೇ ನೇರವಾಗಿ ಆರು ವರ್ಷಕ್ಕೆ ಆರಿಸುತ್ತಾರೆ. ಪರಿಷತ್ತಿನ ಸಭೆ ನಡೆಸುವವರೂ ಅವರೇ, ಕಚೇರಿಯ ನೌಕರರಿಗೆಲ್ಲ ಮುಖ್ಯಸ್ಥರೂ ಅವರೇ. ಅರ್ಧಕ್ಕಿಂತ ಹೆಚ್ಚು ಮತ ಯಾರಿಗೂ ಬರದಿದ್ದರೆ ಎರಡು ವಾರ ಬಿಟ್ಟು ಮುಂದಿನ ಇಬ್ಬರ ನಡುವೆ ಮತ್ತೆ ಮತದಾನ. ಪರಿಷತ್ತಿನಲ್ಲಿ 30 ಸದಸ್ಯರು. ಅವರು ಸಂಬಳದವರಲ್ಲ. ಮೇಷ್ಟ್ರು, ರೈತರು, ಅಂಗಡಿಯವರು ಸಂಜೆ ಬಂದು ಕೂರುತ್ತಾರೆ, ಸಭೆಯ ಭತ್ಯೆ ಸಿಗುತ್ತದೆ ಅಷ್ಟೆ.

ಮತ ಹಾಕುವ ಕ್ರಮ ನೋಡುವಂಥದ್ದು. ಪರಿಷತ್ತಿನಲ್ಲಿ ಎಷ್ಟು ಸ್ಥಾನವೋ ಒಬ್ಬೊಬ್ಬ ಮತದಾರನಿಗೆ ಅಷ್ಟು ಮತ, ಅಂದರೆ 30. ಇಷ್ಟದ ಒಬ್ಬ ಅಭ್ಯರ್ಥಿಗೆ ಮೂರರವರೆಗೆ ಕೊಡಬಹುದು, ಬೇರೆ ಬೇರೆ ಪಕ್ಷದವರಿಗೆ ಹಂಚಬಹುದು, ಅಥವಾ ತಲೆಬಿಸಿಯೇ ಬೇಡವೆಂದು ಒಂದು ಪಟ್ಟಿಗೆ ಒಟ್ಟಾಗಿ ಗುರುತು ಹಾಕಬಹುದು. ಎಲ್ಲ ಪಟ್ಟಿಯ ಎಲ್ಲ ಹೆಸರೂ ಒಂದೇ ಹಾಳೆಯಲ್ಲಿ ಇರುವುದರಿಂದ ಮತಪತ್ರ ಬಿಡಿಸಿದರೆ ಮೇಜು ತುಂಬುತ್ತದೆ. ಕನಿಷ್ಠ ಶೇಕಡಾ ಐದರ ಮಿತಿ ಇಲ್ಲದ್ದರಿಂದ ಯಾವ ಪಕ್ಷಕ್ಕೂ ಸೇರದ ಊರ ಗುಂಪುಗಳೂ ಗೆಲ್ಲುತ್ತವೆ. ಪರಿಷತ್ತಿನ ತೀರ್ಮಾನ ಒಪ್ಪಿಗೆಯಾಗದಿದ್ದರೆ, ಇಪ್ಪತ್ತರಿಂದ ಮೂವತ್ತು ಸಾವಿರ ಜನರಿರುವ ಊರಲ್ಲಿ ಶೇಕಡಾ 8ರಷ್ಟು ಮತದಾರರು ಸಹಿ ಹಾಕಿ ಜನಮತ ಕೇಳಬಹುದು. ಈ ಹಕ್ಕು ಬಂದಿದ್ದು 1995ರಲ್ಲಿ, ಅದೂ ರಾಜ್ಯದ ಜನ ಮತ ಹಾಕಿಯೇ ತಂದದ್ದು.

ನಗರಸಭೆ 1382ರಿಂದಲೂ ಇರುವುದು ಒಂದೇ ಕಟ್ಟಡದಲ್ಲಿ. ಅದರ ಹೊರಗಿನ ಕಲ್ಲಿನ ಮೆಟ್ಟಿಲು 1618ರದು. ಮೆಟ್ಟಿಲ ಕೆಳಗೆ ಹಿಂದೆ ಪುಂಡರನ್ನು ಕೂಡಿಹಾಕುತ್ತಿದ್ದ ಒಂದು ಗೂಡಿದೆ. ಅದರ ಬಳಿ ಕೆತ್ತಿದ ವಿದೂಷಕನ ಮುಖ, ಜೊತೆಗೆ ಒಂದು ಸಾಲು: “ಈಗ ನಾವಿಬ್ಬರಾದೆವು.” ಓದುತ್ತಾ ನಿಂತವನೇ ಎರಡನೆಯವನು. ಯಾರಿಗಾದರೂ ಅರ್ಥ ಹೇಳುವ ಮೊದಲು ಅವರನ್ನು ಅದರ ಮುಂದೆ ನಿಲ್ಲಿಸಿ ಬಿಡುತ್ತೇನೆ.

ಇನ್ನು ನಿಮ್ಮ ತಮ್ಮನಿಗೆ ಬೇಕಾದ ವಿಷಯ. ಕುಡಿಯುವ ನೀರು, ಶಿಶುವಿಹಾರ, ಶಾಲಾ ಕಟ್ಟಡ, ಬೀದಿ, ಅಗ್ನಿಶಾಮಕ ದಳ ಊರಿನ ಜವಾಬ್ದಾರಿ. ಜಿಲ್ಲೆಗೆ ಸೇರಿದ ಮೇಲೂ ‘ಜಿಲ್ಲೆಯೊಳಗಿನ ದೊಡ್ಡ ನಗರ’ ಎಂಬ ದರ್ಜೆ ಇರುವುದರಿಂದ ಮನೆ ಕಟ್ಟುವ ಪರವಾನಗಿಯೂ ಇಲ್ಲೇ ಸಿಗುತ್ತದೆ. ಹಳೇ ಊರೊಳಗೆ ಮನೆ ಕೊಂಡರೆ ಕಿಟಕಿ ಬದಲಿಸಲೂ ಪಾರಂಪರಿಕ ಕಟ್ಟಡದ ಕಾಯ್ದೆ ಪ್ರಕಾರ ಒಪ್ಪಿಗೆ ಬೇಕಾಗಬಹುದು. ಬಂದ ಕೂಡಲೇ ವಿಳಾಸ ನೋಂದಾಯಿಸುವುದು ಊರಿನ ಕಚೇರಿಯಲ್ಲಿ. ಆದರೆ ವಾಸದ ಪರವಾನಗಿ ಕೊಡುವ ವಿದೇಶಿಯರ ವಿಭಾಗ ಜಿಲ್ಲಾ ಕಚೇರಿಯಲ್ಲಿ, ಅಂದರೆ ಡೊನಾವೆರ್ತ್‌ನಲ್ಲಿ. ರೈಲಿನಲ್ಲಿ ಅರ್ಧ ಗಂಟೆ. ಅವಧಿ ಮುಗಿಯುವ ತಿಂಗಳುಗಳ ಮೊದಲೇ ಅಪಾಯಿಂಟ್‌ಮೆಂಟ್ ಕೇಳಲು ಹೇಳಿ.

ಭಾರತದ ಪಾಸ್‌ಪೋರ್ಟ್ ಇರುವವರೆಗೆ ಅವರಿಗೆ ಪರಿಷತ್ತಿನ ಚುನಾವಣೆಯಲ್ಲಿ ಮತವಿಲ್ಲ, ಯುರೋಪಿಯನ್ ಒಕ್ಕೂಟದವರಿಗೆ ಮಾತ್ರ ಇದೆ. ಆದರೆ ಮೇಯರ್ ವರ್ಷಕ್ಕೊಮ್ಮೆಯಾದರೂ ಕರೆಯಲೇಬೇಕಾದ ನಾಗರಿಕರ ಸಭೆಯಲ್ಲಿ ಊರಿನ ನಿವಾಸಿ ಯಾರೇ ಆದರೂ ಎದ್ದು ನಿಂತು ಮಾತಾಡಬಹುದು. ಜರ್ಮನ್ ಸ್ವಲ್ಪ ಬಂದ ಮೇಲೆ ಒಮ್ಮೆ ಹೋಗಿ ಕೂರಲಿ. ಪಾರ್ಕಿಂಗ್ ಬಗ್ಗೆ ಜಗಳ ಗ್ಯಾರಂಟಿ.